ಬಿಚ್ಚಾಕ ಬರುವಂಥ ಗಂಟು

ಮಣಿ ಪೋಣಿಸೂದು ಕಲೀತೇವಿ ಅಂತ ಬರೂ ಹುಡುಗ್ಯಾರ ಕೈಯಾಗ ನಾ ಮೊದಲನೇ ದಿನ ಸೂಜಿ ಕೊಡಂಗಿಲ್ಲ. ಬಿಳೇ ಅರಿವಿ ಹಾಸಿ, ಅದರ ಮ್ಯಾಲ ಒಂದು ಬಟ್ಟಲ ಹಳೇ ಕರಿಮಣಿ ಸುರುವಿ, "ಸಣ್ಣವು ದೊಡ್ಡವು ಬ್ಯಾರೆ ಮಾಡ್ರಿ" ಅಂತೇನಿ. ಹುಡುಗ್ಯಾರಿಗೆ ಸಿಟ್ಟು ಬರತೈತಿ. ಸರ ಮಾಡಾಕ ಬಂದೇವಿ, ಅಕ್ಕಿ ಆರಸಾಕ ಬಂದಿಲ್ಲ ಅಂತ ಗೊಣಗತಾರ. ಬರಲಿ ಸಿಟ್ಟು. ಮಣಿಗೆ ಮಣಿ ಸಮ ಇಲ್ಲಂದ್ರ ಸರ ಕೊಳ್ಳಾಗ ಹಾವಿನಂಗ ತಿರುವಿಕೊಂತೈತಿ. ಆಮ್ಯಾಲ ದಾರ ಛಲೋ ಇದ್ದಿಲ್ಲ, ಸೂಜಿ ಛಲೋ ಇದ್ದಿಲ್ಲ ಅಂತ ನೆವ ಹೇಳತಾರ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ.

ಹೋದ ವಾರ ಹಾವೇರಿಯಿಂದ ಸುಧಾ ಅಂತ ಒಬ್ಬಾಕಿ ಬಂದ್ಲು. ಲಗ್ನ ಆಗಿ ಇನ್ನೂ ವರ್ಷ ತುಂಬಿಲ್ಲ, ಕೊಳ್ಳಾಗ ಹೊಸಾ ತಾಳಿ. ಮಣಿ ಆರಿಸಿಕೋತ ಆರಿಸಿಕೋತ ಕೈ ನಿಲ್ಲಿಸಿ, "ಅಜ್ಜಿ, ಇವು ಅಂಗಡಿಯಿಂದ ತಂದವಲ್ಲ. ತೂತ ಸವದಾವ. ಯಾರ ಕೊಳ್ಳಾಗಿನವು?" ಅಂತ ಕೇಳಿದ್ಲು. ಇಷ್ಟ ಮಂದಿ ಹುಡುಗ್ಯಾರು ಬಂದು ಹೋದ್ರು, ಒಬ್ಬಾಕೀನೂ ಹಂಗ ನೋಡಿರಲಿಲ್ಲ. "ಹೇಳತೇನಿ, ಆದ್ರ ಒಂದ ಮಾತಿನ್ಯಾಗ ಮುಗಿಯೂದಲ್ಲ, ಕುಂತು ಬರಕೋ" ಅಂದೆ. ನನಗ ಈಗ ಕಣ್ಣು ಕಾಣಂಗಿಲ್ಲ. ನಾ ಹೇಳತೇನಿ, ಆಕಿ ಬರಕೊಳ್ಳಾಕತ್ತಾಳ.

ನಾ ಈ ಕೆಲಸಕ್ಕ ಕುಂತದ್ದು ರಾಣೆಬೆನ್ನೂರಾಗ, ಪತ್ತಾರ ಮೌನೇಶಪ್ಪನ ಅಂಗಡಿ ಕಟ್ಟಿ ಮ್ಯಾಲ. ಪತ್ತಾರ ಬಂಗಾರ ಮಾಡತಾನ, ಆದ್ರ ಅದನ್ನ ದಾರದಾಗ ಕೂಡ್ರಸೂದು ಬ್ಯಾರೆ ಕಸಬು. ನಮ್ಮ ಮಾವ, ಅಂದ್ರ ಗಂಡನ ಅಪ್ಪ, ಆ ಕಟ್ಟಿ ಮ್ಯಾಲ ಹರೇದಾಗಿಂದ ಕುಂತವರು. ಮಗನಿಗೆ ಕಲಸಾಕ ನೋಡಿದ್ರು. ನಮ್ಮ ಮನಿಯವರ ಬಳ್ಳು ಕಬ್ಬಿಣದ ಹಾರಿ ಹಿಡಿಯೂವಂಥವು, ಸೂಜಿ ನಿಲ್ಲತಿದ್ದಿಲ್ಲ. ಅವರು ಬೀಜದ ಗೋದಾಮಿಗೆ ಕೆಲಸಕ್ಕ ಹೋದ್ರು. ಮಾವ ನನ್ನ ಕರದು, "ಬಾರವಾ, ನಿನ್ನ ಕೈ ನೋಡೂನು" ಅಂದ್ರು.

ಮುದುಕನ ಬಾಯಿ ಭಾಳ ಹೊಲಸು. ತಪ್ಪಿದ್ರ ದಾರದ ಉಂಡಿ ತಗೊಂಡು ತಲಿಗೆ ಒಗೀತಿದ್ರು. ಆದ್ರ ಕಲಸೂದಂದ್ರ ಅವರ ಕಲಸಬೇಕು. ದಾರಕ್ಕ ಮೇಣ ಹೆಂಗ ಹಚ್ಚಬೇಕು, ಕಾಲ ಹೆಬ್ಬಟ್ಟಿಗೆ ದಾರ ಸಿಗಿಸಿ ಹೆಂಗ ಬಿಗಿ ಹಿಡೀಬೇಕು, ಎಲ್ಲಾ ಅವರಿಂದಾನ. ಎಲ್ಲಾದಕ್ಕಿಂತ ಮೊದಲು ಕಲಿಸಿದ್ದು ಗಂಟು. "ಗಂಟು ಬಿಗಿ ಇರಬೇಕು ಖರೇ. ಆದ್ರ ಹಾಕಿದ ಕೈಗೆ ಬಿಚ್ಚಾಕ ಬರಬೇಕು. ತಾಳಿ ದಾರಕ್ಕ ಕತ್ತರಿ ಹಚ್ಚಿದೆಂದ್ರ ನೀ ಈ ಕಟ್ಟಿ ಇಳದು ಹೋಗು" ಅಂತಿದ್ರು. ಹಳೇ ಸರ ಬಿಚ್ಚಾಕ ಕುಂತ್ರ ಸೂಜಿ ತುದಿಲೆ ಒಂದೊಂದ ಎಳಿ ಸಡ್ಲ ಮಾಡಿ ಬಿಚ್ಚಬೇಕು. ಎಷ್ಟ ಹೊತ್ತು ಹಿಡೀಲಿ, ಗಿರಾಕಿ ಎಷ್ಟ ಬೈಲಿ.

ಇನ್ನೊಂದು ರೀತಿ ಐತಿ, ಅದನ್ನೂ ಬರಕೋ. ತಾಳಿ ಸರ ಸವದು ಹೊಸದಾಗಿ ಪೋಣಿಸಬೇಕು ಅಂತ ಹೆಣಮಗಳು ಬಂದ್ರ, ಮೊದಲು ಆಕಿ ಕೊಳ್ಳಿಗೆ ಅರಿಷಿಣ ಕೊಂಬು ಕಟ್ಟಿದ ದಾರ ಹಾಕಬೇಕು. ಆಮ್ಯಾಲ ತಾಳಿ ತಗೀಬೇಕು. ಕೊಳ್ಳು ಒಂದ ಗಳಿಗಿನೂ ಬರಿದು ಇರಬಾರದು. ಮತ್ತ, ಬರೇ ಮಣಿ ಇದ್ದಾಗ ದಾರ ಕಾಲ ಹೆಬ್ಬಟ್ಟಿಗೆ ಇದ್ದರ ನಡೀತೈತಿ. ತಾಳಿ ದಾರದಾಗ ಏರಿತು ಅಂದ ಕೂಡ್ಲೆ ಕಾಲಿನಿಂದ ತಗದು ಮುಂದಿನ ಹಲಗಿಗೆ ಬಡದ ಮೊಳಿಗೆ ಹಾಕಬೇಕು. ತಾಳಿಗೆ ಕಾಲು ತಾಗಬಾರದು.

ಮಾವ ತೀರಿಕೊಂಡ ಮ್ಯಾಲ ಕಟ್ಟಿ ನನ್ನ ಪಾಲಿಗೆ ಬಂತು. ಹೆಣಮಗಳು ಕಟ್ಟಿ ಮ್ಯಾಲ ಕುಂತ್ಲು ಅಂತ ಬಜಾರದಾಗ ಒಂದಿಷ್ಟು ದಿನ ನಕ್ಕರು. ಮೌನೇಶಪ್ಪ ಮಾತ್ರ, "ಮುತ್ತೈದಿ ಕೈಲೆ ತಾಳಿ ಪೋಣಿಸಿದ್ರ ಇನ್ನೂ ಛಲೋನ ಆತಲ್ಲ" ಅಂದ. ಆ ಮಾತು ಊರಿಗೆಲ್ಲಾ ಹಿಡಿಸಿತು. ಹೊಸರಿತ್ತಿ ಕಡಿಂದ, ಮೋಟೆಬೆನ್ನೂರು ಕಡಿಂದ ಹೆಣಮಕ್ಕಳು ನನ್ನ ಕೈನ ಬೇಕು ಅಂತ ಬರಾಕ ಹತ್ತಿದ್ರು. ನನಗೂ ಹೆಮ್ಮಿ. ಆ ಮಾತು ಮುಂದ ಯಾರ ಕೊಳ್ಳಿಗೆ ಉರುಳಾಗತೈತಿ ಅಂತ ಆಗ ಯಾರಿಗೆ ಗೊತ್ತಿತ್ತು?

ಎರಡು ಸಾವಿರದ ಇಸವಿ ದಾಟಿದ ಹೊಸತಿನ್ಯಾಗ ನನ್ನ ತಂಗಿ ಮಗಳು ರೇಣುಕಾ ಕಲಿಯಾಕ ಬಂದ್ಲು. ಮೋಟೆಬೆನ್ನೂರಿಗೆ ಕೊಟ್ಟಿದ್ವಿ. ಗಂಡ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಹೊರತಿದ್ದ. ಮಕ್ಕಳಿಲ್ಲ, ಮನ್ಯಾಗ ಕುಂತು ಬ್ಯಾಸರ ಅಂತ ದಿನಾ ಬಸ್ಸಿಗೆ ಬರತಿದ್ಲು. "ದೊಡ್ಡವ್ವ, ಇದೇನ ದೊಡ್ಡ ಕೆಲಸ? ಹೂವಿನ ಮಾಲಿ ಕಟ್ಟಿದಂಗ ಅಲ್ಲೇನ?" ಅಂತ ಕೇಳಿದ್ಲು ಮೊದಲನೇ ದಿನ. ನಾ ದಾರದ ಉಂಡಿ ತಗೊಂಡು ತಲಿಗೆ ಒಗದೆ. ಮುದುಕನ ವಿದ್ಯಾ, ಎಲ್ಲಿ ಹೋಗತೈತಿ?

ನಿಮ್ಮಂಗ ಆಕಿನೂ ಎಲ್ಲಾ ತಪ್ಪು ಮಾಡಿದ್ಲು. ಸ್ಟೀಲ ತಾಟಿನ್ಯಾಗ ಮಣಿ ಸುರುವಿ ಅರ್ಧ ಮಣಿ ಗಟಾರಕ್ಕ ಕಳಿಸಿದ್ಲು. ದಾರ ಗಿಡ್ಡ ಕತ್ತರಿಸಿ, ಗಂಟ ಹಾಕಾಕ ತುದಿ ಸಿಗದ ಅತ್ಲು. ಸಣ್ಣ ತೂತಿನ ಮಣಿಗೆ ದಪ್ಪ ಸೂಜಿ ತುರುಕಿ ಒಡದ್ಲು. ಇವೆಲ್ಲಾ ಎಲ್ಲಾರೂ ಮಾಡೂ ತಪ್ಪು. ಒಂದು ತಪ್ಪು ಮಾತ್ರ ಇವತ್ತಿಗೂ ನೆನಪೈತಿ. ಮೋಟೆಬೆನ್ನೂರಿನ ಗೌಡರ ಮನಿ ಹೆಣಮಗಳು ಮುಂದ ಕುಂತಿದ್ಲು. ರೇಣುಕಾ ಮಣಿ ಪೋಣಿಸಿಕೋತ ಅದರ ಗುಂಗಿನ್ಯಾಗ ತಾಳಿನೂ ಪೋಣಿಸಿಬಿಟ್ಲು. ದಾರ ಹಂಗ ಕಾಲ ಹೆಬ್ಬಟ್ಟಿನ್ಯಾಗ! ಗೌಡಸಾನಿ ಎದ್ದು ನಿಂತು, "ಎಲೀ ಇಕಿನ, ನನ್ನ ತಾಳಿ ಕಾಲಾಗ ಹಾಕ್ಯಾಳಲ್ಲೋ!" ಅಂತ ಬಜಾರ ತುಂಬ ಒದರಿದ್ಲು. ಮೌನೇಶಪ್ಪ ಹೊರಗ ಓಡಿ ಬಂದು ಕೈ ಮುಗದ. ತಾಳಿ ಹಾಲಿನ್ಯಾಗ ತೊಳದು, ನಾ ಮತ್ತ ಮೊದಲಿಂದ ಪೋಣಿಸಿ ಕೊಟ್ಟೆ. ರೇಣುಕಾ ಆವತ್ತ ಉಣ್ಣಲಿಲ್ಲ. "ದೊಡ್ಡವ್ವ, ಆಕಿ ಗಂಡಗ ಏನಾರ ಆದ್ರ?" ಅಂತ ಸಂಜೀತನಾ ಕೇಳಿದ್ಲು. ಅಂಥಾಕಿ ಆಕಿ. ಊರು ನಂಬಿದ್ದಕ್ಕಿಂತ ಹೆಚ್ಚು ತಾನ ನಂಬಾಕಿ.

ಆದ್ರ ಕೈ ಕುಂದ್ರತು ನೋಡ್ರಿ. ವರ್ಷದೊಳಗ ಆಕಿ ಹಾಕಿದ ಗಂಟು ಎಲ್ಲಿ ಐತಿ ಅಂತ ನನಗ ಹುಡಕಾಕ ಆಗತಿದ್ದಿಲ್ಲ. ಮಣಿ ಒಳಗ ಅಡಗಿಸಿ ಬಿಡತಿದ್ಲು. ಮೆಣಸಿನಕಾಯಿ ಸುಗ್ಗಿಯೊಳಗ ಮೌನೇಶಪ್ಪ ನಮ್ಮಿಬ್ಬರನ್ನ ಬ್ಯಾಡಗಿಗೆ, ತನ್ನ ತಮ್ಮನ ಅಂಗಡಿಗೆ ಕಳಸತಿದ್ದ. ಪ್ಯಾಟಿ ತುಂಬ ಘಾಟು, ಕಣ್ಣಾಗ ನೀರು, ಸೂಜಿ ಪೋಣಿಸೂದಂದ್ರ ಶಿಕ್ಷಾ. ಅಲ್ಲೇ ನಮಗ ಮುಮ್ತಾಜಬಿ ಗುರುತಾದ್ಲು. ಆಕಿ ಗಂಡಂದು ಪ್ಯಾಟ್ಯಾಗ ಚೀಲದ ಅಂಗಡಿ. ಮುಸಲರ ಲಗ್ನದಾಗ ಮದುಮಗಳಿಗೆ ಹಾಕೂ ಕರಿಮಣಿ ಸರಕ್ಕ ಲಚ್ಚಾ ಅಂತಾರ. ಎಳಿ ಮ್ಯಾಲ ಎಳಿ, ಸಣ್ಣ ಸಣ್ಣ ಮಣಿ. ಮುಮ್ತಾಜಬಿ ದೊಡ್ಡ ಮಗಳ ಲಚ್ಚಾ ರೇಣುಕಾನ ಮಾಡಿದ್ಲು. ಮುಮ್ತಾಜಬಿ ಅದನ್ನ ಕೈಯಾಗ ಹಿಡದು, "ಯಾ ಅಲ್ಲಾ, ಇದು ನೀರು ಹರದಂಗ ಐತಲ್ಲವಾ ಬೇಟಿ" ಅಂದ್ಲು. ರೇಣುಕಾ ನಕ್ಕಳು. ಆಕಿ ಬಾಯ್ತುಂಬ ನಕ್ಕದ್ದು ನಾ ನೋಡಿದ್ದು ಅದ ಕಡೀದು.

ಮುಂದಿನ ಸುಗ್ಗಿಯೊಳಗ ಆಕಿ ಗಂಡ ಸತ್ತ. ಹೈವೇ ಅಗಲ ಮಾಡಾಕ ಅಂತ ರಸ್ತೆ ಅಗದು ಹಾಕಿದ್ರು. ಮಬ್ಬಿನ್ಯಾಗ ಪ್ಯಾಟಿಗೆ ಹೊಂಟಿದ್ದ ಟ್ರ್ಯಾಕ್ಟರ್ ತೆಗ್ಗಿಗೆ ಬಿತ್ತು, ಅವ ಚೀಲದ ಕೆಳಗ ಸಿಕ್ಕ. ಮಣ್ಣ ಮಾಡೂ ಮೊದಲು ಯಾರೋ ಮುದುಕಿ ರೇಣುಕಾನ ಕೊಳ್ಳಿಗೆ ಕೈ ಹಾಕಿ ತಾಳಿ ಹರದ್ಲು. ಮಣಿ ಅಂಗಳ ತುಂಬ ಸಿಡದುವು. ನಾ ಆಕಿಗೆ ಕಲಿಸಿದ ಗಂಟು, ಆಕಿ ಕೈಲೇನ ಹಾಕಿಕೊಂಡದ್ದು. ಬಿಚ್ಚಾಕ ಒಂದು ಗಳಿಗಿ ಸಾಕಿತ್ತು. ಯಾರೂ ಬಿಚ್ಚಲಿಲ್ಲ. ನಾನೂ ಸುಮ್ಮನ ನೋಡಿಕೋತ ಕುಂತಿದ್ದೆ, ಮುತ್ತೈದಿ ಅಂತ ನನ್ನನ್ನ ಹತ್ರ ಬಿಟ್ಟಿರಲಿಲ್ಲ.

ಮೂರು ತಿಂಗಳಾದ ಮ್ಯಾಲ ಅತ್ತಿ ಮನಿಯವರು ಆಕೀನ್ನ ಹೊರಗ ಹಾಕಿದ್ರು. ನನ್ನ ತಂಗಿ ಮೊದಲ ತೀರಿಕೊಂಡಿದ್ಲು. ರೇಣುಕಾ ನಮ್ಮ ಮನಿಗೆ ಬಂದ್ಲು. ನಮ್ಮ ಮನಿಯವರು ಒಂದ ಮಾತು ಅನ್ನಲಿಲ್ಲ, ಹೊರಗಿನ ಖೋಲಿ ತಾವ ಕಸಾ ಹೊಡದು ಕೊಟ್ರು. ಆಕಿಗೆ ಬರತಿದ್ದುದು ಇದೊಂದ ಕೆಲಸ. ಇದ ಹೋದ್ರ ಕೂಲಿಗೆ ಹೋಗಬೇಕು, ಇಲ್ಲಾ ಯಾರದಾರ ಮನ್ಯಾಗ ಮುಸುರಿ ತಿಕ್ಕಬೇಕು. ನಾ ಕೈ ಹಿಡದು ಕಟ್ಟಿಗೆ ಕರಕೊಂಡು ಹೋದೆ.

ಮೌನೇಶಪ್ಪ ತಕ್ಕಡಿ ಬಿಟ್ಟು ಮ್ಯಾಲ ನೋಡಲಿಲ್ಲ. "ಅಕ್ಕಾರ, ನನಗೇನಿಲ್ರಿ. ಗಿರಾಕಿ ಕೇಳತಾರ. ಮುತ್ತೈದಿ ಕೈ ಅಂತ ಊರೆಲ್ಲಾ ಹೇಳೇನಿ. ಈಗ ಹೆಂಗ ಕೂಡ್ರಸಲಿ?" ಅಂದ. ಅವ ಕೆಟ್ಟ ಮನಿಷಾ ಅಲ್ಲ. ಅಂಜುಬುರುಕ. ಕೆಟ್ಟವರ ಜೋಡಿ ಜಗಳಾಡಬಹುದು, ಅಂಜುಬುರುಕರ ಜೋಡಿ ಏನ್ ಮಾಡ್ತೀರಿ? ಅಷ್ಟರಾಗ ಒಬ್ಬಾಕಿ ಗಿರಾಕಿ ರೇಣುಕಾನ ಹಣಿ ನೋಡಿ, ತಾಳಿ ಸೆರಗಿನ್ಯಾಗ ಮುಚ್ಚಿಕೊಂಡು ಕಟ್ಟಿ ಇಳದ್ಲು. ರೇಣುಕಾ ನನಗಿಂತ ಮೊದಲು ಮನಿಗೆ ಹೋಗಿದ್ಲು.

ಆಗ ನನ್ನ ಕಣ್ಣಿಗೂ ಪೊರಿ ಬಂದಿತ್ತು. ಮಣಿ ತೂತು ಕಾಣತಿದ್ದಿಲ್ಲ, ಬಳ್ಳಿಲೆ ತಡವಿ ಪೋಣಿಸತಿದ್ದೆ. ಒಂದು ಸಂಜೀಕ ಅರಿಷಿಣ ದಾರ ಕಟ್ಟಿಕೊಂಡು, ನನ್ನ ತಾಳಿ ತಗದು ರೇಣುಕಾನ ಮುಂದ ಇಟ್ಟೆ. "ಸರ ಸವದೈತಿ. ಪೋಣಿಸು" ಅಂದೆ.

ಆಕಿ ಹಿಂದಕ್ಕ ಸರದ್ಲು. "ಬ್ಯಾಡ ದೊಡ್ಡವ್ವ. ನನ್ನ ಕೈ ಬ್ಯಾಡ. ದೊಡ್ಡಪ್ಪಗ ಏನಾರ ಆದ್ರ ನಾ ಹೆಂಗ ಬದುಕಲಿ?"

ನಮ್ಮ ಮನಿಯವರು ಬಾಗಲದಾಗ ಕುಂತು ಎಲಿ ಅಡಕಿ ಹಾಕೋತಿದ್ರು. "ಪೋಣಿಸ ತಂಗಿ. ಸಾಯೂದಿದ್ರ ನಿಮ್ಮ ದೊಡ್ಡವ್ವನ ಸಾರು ಉಂಡ ಸಾಯತೇನಿ, ನಿನ್ನ ಕೈಯಿಂದ ಅಲ್ಲ" ಅಂದ್ರು. ಆಕಿ ಅಳಕೋತ ಪೋಣಿಸಿದ್ಲು. ಗಂಟು ಎಲ್ಲಿ ಹಾಕಿದ್ಲು ಅಂತ ನನ್ನ ಬಳ್ಳಿಗೂ ಗೊತ್ತಾಗಲಿಲ್ಲ.

ಆಮ್ಯಾಲ ನಾ ಮೌನೇಶಪ್ಪಗ ಹೇಳಿದೆ, ಅಂಗಡಿ ಹಿಂದಿನ ಖೋಲ್ಯಾಗ ಆಕಿ ಕುಂದ್ರತಾಳ, ಕಟ್ಟಿ ಮ್ಯಾಲ ನಾ ಕುಂದ್ರತೇನಿ. ನನ್ನ ಕಣ್ಣು ಹೋಗ್ಯಾವ ಅಂತ ಅವಗೂ ಗೊತ್ತಿತ್ತು. ನಾವಿಬ್ಬರೂ ಇಲ್ಲಂದ್ರ ಅವನ ಗಿರಾಕಿ ಎಲ್ಲಾ ಬ್ಯಾರೆ ಓಣಿಗೆ ಹೋಗತಿದ್ರು. ಸ್ವಲ್ಪ ಹೊತ್ತು ತಲಿ ಕೆರಕೊಂಡು, "ನಾ ಏನೂ ನೋಡಿಲ್ಲ ನೋಡ್ರಿ ಅಕ್ಕಾರ" ಅಂದ. ಮುಂದ ವರ್ಷಗಟ್ಟಲೆ ಅವ ಏನೂ ನೋಡಲಿಲ್ಲ.

ಮುಂದ ಕುಂತು ನೋಡತೇನಿ ಅನ್ನೋರ ಸರ ನಾನ ತಡವಿ ತಡವಿ ಮಾಡತಿದ್ದೆ. ಬಿಟ್ಟು ಸಂತಿಗೆ ಹೋಗೋರ ತಾಳಿ ತೂಕಾ ಮಾಡಿ ಒಳಗ ಹೋಗತಿತ್ತು, ಪೋಣಿಸಿಕೊಂಡು ಹೊರಗ ಬರತಿತ್ತು. ಹೆಣಮಕ್ಕಳು ಕನ್ನಡಿ ನೋಡಿಕೊಂಡು, "ಏನ ಕೈರಿ ನಿಮ್ಮದು, ವಯಸ್ಸಾದಂಗ ಇನ್ನೂ ನಾಜೂಕ ಆಗೈತಿ" ಅಂತ ನನ್ನ ಕಾಲು ಮುಟ್ಟತಿದ್ರು. ಒಳಗಿನಾಕಿಗೆ ಅದು ಕೇಳತಿತ್ತು. ಪಾಪ ಮಾಡಿದಿ ಅಂತೀರೇನು? ಅನ್ನರಿ. ಒಬ್ಬಾಕಿ ಉಣ್ಣಬೇಕಿತ್ತು.

ಆ ವರ್ಷಗಳಾಗ ಕೆಲಸಾನೂ ಬದಲಾಗಾಕ ಹತ್ತಿತ್ತು. ರೇಷ್ಮಿ ದಾರ ಹೋಗಿ ನೈಲಾನ್ ಬಂತು. ಅದು ಜಾರತೈತಿ, ಗಂಟು ನಿಲ್ಲಂಗಿಲ್ಲ, ತುದಿ ಸುಟ್ಟು ಅಂಟಸಬೇಕು. ಸುಟ್ಟ ಗಂಟು ಬಿಚ್ಚಾಕ ಬರಂಗಿಲ್ಲ, ಕತ್ತರೀನ ಬೇಕು. ಆಮ್ಯಾಲ ಮಣಿಗೆ ಮಣಿ ಬಂಗಾರದ ತಂತಿಲೆ ಕೂಡಿಸಿದ ಚೈನು ಬಂದುವು, ಪೋಣಿಸೂದ ಬ್ಯಾಡ. ಹುಡುಗ್ಯಾರು ಅವನ್ನ ಕೇಳಾಕ ಹತ್ತಿದ್ರು. ವಯಸ್ಸಾದವರಷ್ಟ ದಾರ ಬೇಕು ಅಂತಿದ್ರು. ನಮ್ಮ ಓಣಿ ಹೆಣಮಕ್ಕಳು, ಮೌನೇಶಪ್ಪನ ಹೇಣ್ತಿ, ಎಲ್ಲಾರದೂ ದಾರದ್ದ. ಎಲ್ಲಾರದೂ ಒಳಗಿನ ಖೋಲ್ಯಾಗ ಪೋಣಿಸಿದ್ದು.

ನಮ್ಮ ಮನಿಯವರಿಗೆ ಸಕ್ಕರಿ ಬ್ಯಾನಿ ಇತ್ತು. ಕಾಲಿಗೆ ಗಾಯ ಆತು, ಮಾಯಲಿಲ್ಲ. ಪಥ್ಯಾ ಮಾಡ್ರಿ ಅಂದ್ರ ಕದ್ದು ಬೆಲ್ಲ ತಿನ್ನತಿದ್ರು. ನಂಜು ಏರಿ ಒಂದು ಮುಂಜಾನೆ ಹೋಗಿಬಿಟ್ರು. ನಾ ಗ್ವಾಡಿಗೆ ಆತು ಕುಂತಿದ್ದೆ, ಅಳಾಕನೂ ಬರತಿದ್ದಿಲ್ಲ. ಓಣಿ ಹೆಣಮಕ್ಕಳು ತುಂಬಿದ್ರು. ಮಣ್ಣಿಗೆ ಒಯ್ಯೂ ಹೊತ್ತಾತು, ತಾಳಿ ತಗೀಬೇಕು ಅಂದ್ರು. ಮುತ್ತೈದ್ಯಾರು ಇದನ್ನ ಮುಟ್ಟಂಗಿಲ್ಲ. ಗಂಡ ಸತ್ತಾಕಿನ ಬೇಕು.

"ರೇಣುಕಾನ ಕರೀರಿ" ಅಂತ ಒಬ್ಬಾಕಿ ಅಂದ್ಲು.

ನೋಡ್ರಿ ಹೆಂಗೈತಿ. ಕಟ್ಟಾಕ ಬ್ಯಾಡಾದ ಕೈ ಬಿಚ್ಚಾಕ ಬೇಕಾತು. ಹೆಸರ ಹಿಡದು ಕರದ್ರು.

ಯಾರೋ ಕತ್ತರಿ ಕೊಟ್ರು. ರೇಣುಕಾ ಅದನ್ನ ಬಾಜೂಕ ಇಟ್ಟು, ಕುಪ್ಪಸದಾಗಿನ ಸೂಜಿ ತಗದ್ಲು. ನನ್ನ ಹಿಂದ ಕುಂತು ಗಂಟು ಹುಡುಕಿದ್ಲು. ಆಕಿಗೆ ಹುಡುಕೂದ ಏನೈತಿ, ಆಕಿ ಹಾಕಿದ್ದು. ಒಂದೊಂದ ಎಳಿ ಸಡ್ಲ ಮಾಡಾಕ ಹತ್ತಿದ್ಲು. "ಲಗೂ ಮಾಡವಾ, ಹೊತ್ತಾತು, ಹರದ ಒಗಿ ಅತ್ಲಾಗ" ಅಂತ ಒಬ್ಬ ಮುದುಕಿ ಬಾಯಿ ಮಾಡಿದ್ಲು. ರೇಣುಕಾ ಕೇಳಿಸಿಕೊಳ್ಳಲಿಲ್ಲ. ಸೂಜಿ ನನ್ನ ಕುತ್ತಿಗಿಗೆ ಚುಚ್ಚಿತು. ಇಷ್ಟ ವರ್ಷದಾಗ ಆಕಿ ಸೂಜಿ ಯಾರಿಗೂ ಚುಚ್ಚಿದ್ದಿಲ್ಲ. ಆಮ್ಯಾಲ ನನ್ನ ಕಿವ್ಯಾಗ ಅಂದ್ಲು:

"ನಾ ಆವತ್ತ ಬ್ಯಾಡ ಅಂದಿದ್ದೆ ದೊಡ್ಡವ್ವ. ನನ್ನ ಕೈಯಿಂದಾನ ಆತು. ದೊಡ್ಡಪ್ಪನ್ನ ನಾನ ಕೊಂದೆ."

ನನ್ನ ಗಂಡ ಮುಂದ ಹೆಣಾ ಆಗಿ ಮಲಗಿದ್ರು, ನನಗ ಆಗ ಅವರ ನೆನಪ ಹಾರಿಹೋತು. ಈ ಹುಡುಗಿ ಇದನ್ನ ಹೊತಗೊಂಡು ಎದ್ದಳು ಅಂದ್ರ ಸೀದಾ ಬಾವಿಗೆ ಹೋಗತಾಳ ಅನಿಸಿತು. ನಾ ಎಲ್ಲಾರಿಗೂ ಕೇಳೂವಂಗ ಒದರಿದೆ.

"ಏನಂದಿ? ನಿನ್ನ ಕೈಯಿಂದಾತಾ? ಇಲ್ಲಿ ಕುಂತಾರಲ್ಲ, ಇಷ್ಟೂ ಮಂದಿ ತಾಳಿ ಯಾರು ಪೋಣಿಸ್ಯಾರ? ನೀನ ಪೋಣಿಸಿದಿ! ನನ್ನ ಕಣ್ಣು ಹೋಗಿ ವರ್ಷಗಟ್ಟಲೆ ಆತು. ಇವರ ಗಂಡಂದಿರು ಎಲ್ಲಾರೂ ಗುಂಡಕಲ್ಲಿನಂಗ ಅದಾರ. ಹೊರಗ ಚಟ್ಟ ಕಟ್ಟಾಕತ್ತಾರ. ನಂದೊಬ್ಬಾವಾ ಬೆಲ್ಲ ತಿಂದು ಸತ್ತ. ನಿನ್ನ ಕೈ ಕೆಟ್ಟದ್ದಿದ್ರ ಈ ಓಣ್ಯಾಗ ಒಂದ ಕುಂಕುಮ ಉಳೀತಿದ್ದಿಲ್ಲ!"

ಅಳು ನಿಂತಿತು. ನನಗ ಕಾಣತಿದ್ದಿಲ್ಲ ಖರೇ, ಆದ್ರ ಬಳಿ ಸಪ್ಪಳ ಕೇಳಿಸಿತು. ಎಲ್ಲಾರ ಕೈನೂ ತಮ್ಮ ತಮ್ಮ ಕೊಳ್ಳಿಗೆ ಹೋಗಿದ್ದುವು. ರೇಣುಕಾ ಅಷ್ಟರಾಗ ಕಡೀ ಎಳಿ ಬಿಚ್ಚಿದ್ಲು. ತಾಳಿ ಜಾರಿ ನನ್ನ ಉಡ್ಯಾಗ ಬಿತ್ತು. ಮಣಿ ಒಂದೂ ಸಿಡೀಲಿಲ್ಲ.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಸತ್ತವರ ದಿನಕರ್ಮ ಮಾಡೂ ಮೊದಲ ಊರಿಗೆಲ್ಲಾ ಸುದ್ದಿ ಮುಟ್ಟಿತು. ಗಂಡಂದಿರು ಬದುಕ್ಯಾರ ಅನ್ನೂದನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ. ಹೆಣಮಕ್ಕಳು ಬ್ಯಾರೆ ಓಣಿಗೆ ಹೋಗಿ ಸರ ಬಿಚ್ಚಿಸಿ ಮತ್ತ ಪೋಣಿಸಿಕೊಂಡ್ರಂತ. ಅಲ್ಲಿನವಗ ರೇಣುಕಾನ ಗಂಟು ಬಿಚ್ಚಾಕ ಬರಲಿಲ್ಲಂತ, ಎಲ್ಲಾ ಕತ್ತರಿ ಹಾಕಿದ್ನಂತ. ಮೌನೇಶಪ್ಪನ ಹೇಣ್ತಿನೂ ಹೋಗಿದ್ಲು. ಮೌನೇಶಪ್ಪ ನಮ್ಮಿಬ್ಬರ ಸೂಜಿ, ದಾರ, ಮಣಿ ಒಂದು ಚೀಲದಾಗ ಹಾಕಿ ಮನಿಗೆ ಕಳಿಸಿದ. ತಾ ಬರಲಿಲ್ಲ. ನಾನೂ ಈಗ ಗಂಡ ಸತ್ತಾಕಿ, ನನಗೂ ಕಟ್ಟಿ ಇಲ್ಲ. ಹಿಂಗ ಆತು ನನ್ನ ರಿಟೈರ್ಮೆಂಟು. ಹಾರ ಇಲ್ಲ, ಶಾಲು ಇಲ್ಲ.

ಆವತ್ತ ಬಾಯಿ ಬಿಟ್ಟದ್ದಕ್ಕ ನನಗ ಪಶ್ಚಾತ್ತಾಪ ಇಲ್ಲ. ಮತ್ತ ಆ ಹೊತ್ತು ಬಂದ್ರ ಮತ್ತ ಒದರತೇನಿ. ಆದ್ರ ರೇಣುಕಾ ಮತ್ತ ಸೂಜಿ ಮುಟ್ಟಲಿಲ್ಲ. ಕೂಲಿಗೆ ಹೋದ್ಲು, ಬೀಜಾ ಬೆಳಿಯೂ ಪ್ಲಾಟಿನ್ಯಾಗ ಬಗ್ಗಿ ಬಗ್ಗಿ ಬೆನ್ನು ಹೋತು. ಮಾತು ಇಲ್ಲ, ನಗು ಇಲ್ಲ. ನಾ ಕುರುಡಿ, ಆಕಿ ಮೂಕಿ. ಮನಿ ಹಂಗಿತ್ತು.

ಕಡೀಕ ಒಂದಿನ ಬ್ಯಾಡಗಿಯಿಂದ ಮುಮ್ತಾಜಬಿ ಬಂದ್ಲು, ಸಣ್ಣ ಮಗಳ ಲಗ್ನ ಅಂತ. ಮಣಿ ಡಬ್ಬಿ ರೇಣುಕಾನ ಮುಂದ ಇಟ್ಲು. ರೇಣುಕಾ, "ನನ್ನ ಕೈ ಬ್ಯಾಡ ಅಮ್ಮಾ, ನಿಮಗ ಗೊತ್ತಿಲ್ಲೇನು?" ಅಂದ್ಲು.

"ಎಲ್ಲಾ ಗೊತ್ತೈತಿ. ದೊಡ್ಡಾಕಿದು ನೀ ಮಾಡಿದ್ದ, ಆಕಿ ಮೂರು ಮಕ್ಕಳ ತಾಯಿ ಆಗ್ಯಾಳ. ಸಣ್ಣಾಕಿ ನಂದೂ ಅದ ಬೇಕು ಅಂತ ಹಟಾ ಹಿಡದಾಳ. ಸಾವು ಬರೂದು ಅಲ್ಲಾನ ಹುಕುಂ, ನಿನ್ನ ಬಳ್ಳಿಂದಲ್ಲ. ಮಾಡ ಬೇಟಿ."

ರೇಣುಕಾ ಮಾಡಿದ್ಲು. ಆಮ್ಯಾಲ ಮುಮ್ತಾಜಬಿ ನಮಗ ತನ್ನ ಹಿತ್ತಲ ಖೋಲಿ ಕೊಟ್ಲು. ಈಗ ನಾವು ಬ್ಯಾಡಗಿಯೊಳಗ ಇಲ್ಲೇ ಇರತೇವಿ. ಹಾವೇರಿ, ರಾಣೆಬೆನ್ನೂರಿನ ಮಹಿಳಾ ಸಂಘದವರು ಬಣ್ಣದ ಮಣಿ ಸರ ಮಾಡೂದು ಕಲಸ್ರಿ ಅಂತ ಹುಡುಗ್ಯಾರನ್ನ ಕಳಸತಾರ. ತಾಳಿ ಪೋಣಿಸಾಕ ಮಾತ್ರ ಯಾರೂ ನಮ್ಮ ಕಡೆ ಬರಂಗಿಲ್ಲ. ರೇಣುಕಾ ಅದನ್ನ ಮತ್ತ ಮುಟ್ಟಿಲ್ಲ. ಊರು ಆಕಿ ಕಡೆ ಕೊಡಂಗಿಲ್ಲ, ಕೊಟ್ರೂ ಆಕಿ ತಗೊಳ್ಳಂಗಿಲ್ಲ. ನನ್ನ ಮಾತು ಆಕೀನ್ನ ಬಾವಿಯಿಂದ ಉಳಿಸಿತು, ಅಂಜಿಕಿಯಿಂದ ಉಳಿಸಲಿಲ್ಲ.

ಯಾರ ಕೊಳ್ಳಾಗಿನ ಮಣಿ ಅಂತ ಕೇಳಿದಿ. ನನ್ನವು. ಆವತ್ತ ಉಡ್ಯಾಗ ಬಿದ್ದವು. ಬಂಗಾರ ದವಾಖಾನಿ ಸಾಲಕ್ಕ ಹೋತು, ಮಣಿ ಉಳದುವು. ಗಂಡ ಸತ್ತಾಕಿ ಕರಿಮಣಿ ಹೊಳಿಗೆ ಬಿಡಬೇಕು ಅಂತಾರ. ನಾ ಬಿಡಲಿಲ್ಲ. ಸಮಾ ಅದಾವ, ತೂತು ನುಣ್ಣಗ ಅದಾವ, ಕಲಿಯೋರಿಗೆ ಇವಕ್ಕಿಂತ ಛಲೋ ಮಣಿ ಇಲ್ಲ.

ಇಷ್ಟ ಬರಸಿ ನಾ ಸುಮ್ಮನಾದೆ; ಮುಂದಿಂದು ಆಮ್ಯಾಲ ಬರಸಿದ್ದು. ಸುಧಾನ ಪೆನ್ನೂ ನಿಂತಿತು. ಆಕಿ ಬಳಿ ಸಪ್ಪಳ ಕೇಳಿಸಿತು, ಕೈ ಕೊಳ್ಳಿಗೆ ಹೋತು ಅಂತ ತಿಳೀತು. ನಾಳಿಗೆ ಇಕಿ ಬರಂಗಿಲ್ಲ ಅಂದುಕೊಂಡೆ. ಗಂಡ ಸತ್ತಾಕಿ ಮಣಿ ಅಂತ ಮೊದಲ ಹೇಳಿದ್ರ ಯಾರೂ ಬರತಿದ್ದಿಲ್ಲ, ಅದಕ್ಕ ಹೇಳಿರಲಿಲ್ಲ. ಮೂಲ್ಯಾಗ ಲಚ್ಚಾ ಪೋಣಿಸಿಕೋತ ಕುಂತಿದ್ದ ರೇಣುಕಾ ಪೋಣಿಸೂದು ಬಿಟ್ಲು.

ಸುಧಾ ಎದ್ದ ಸಪ್ಪಳ ಆತು. ಬಾಗಲ ಕಡೆ ಹೋಗಲಿಲ್ಲ. ಮೂಲಿ ಕಡೆ ಹೋದ್ಲು.

"ಅಕ್ಕಾರ, ನಂದು ಚೈನಿಂದು. ಗಂಟು ಇಲ್ಲ," ಅಂದ್ಲು. "ನನಗೊಂದು ದಾರದ್ದು ಪೋಣಿಸಿ ಕೊಡ್ತೀರೇನ್ರಿ?"

ರೇಣುಕಾ ಲಚ್ಚಾ ಕೆಳಗ ಇಟ್ಲು. ಆಮ್ಯಾಲ ಎದ್ದು ಬಂದು, ನನ್ನ ಮಣಿ ಇರೂ ಬಟ್ಟಲ ತಗೊಂಡು ಗೂಡಿನ್ಯಾಗ ಮ್ಯಾಲ ಇಟ್ಲು, ಮುತ್ತೈದಿ ಹುಡುಗಿ ಕೈಗೆ ಸಿಗದಂಗ.